ಬೈಲಿನ ರಸ್ತೆ, ಶೇಡಿ ಮಣ್ಣು: ಸುಣ್ಣ ಬೆರೆಸಬೇಕೋ, ಸಿಮೆಂಟೋ?

ಬೈಲುಮನೆ (ಚರ್ಚೆ ಆರಂಭಿಸಿದವರು)

ನಮ್ಮ ಮನೆ ದಕ್ಷಿಣ ಕನ್ನಡದ ಮೂಲ್ಕಿ ಕಡೆಯ ಒಂದು ಬೈಲಿನಲ್ಲಿ, ಅಂದರೆ ತಗ್ಗಿನ ಗದ್ದೆ ಪ್ರದೇಶದಲ್ಲಿದೆ. ಮುಖ್ಯರಸ್ತೆಯಿಂದ ಬೈಲಿನ ಕೊನೆಯ ಮನೆಯವರೆಗೆ 1.2 ಕಿಲೋಮೀಟರ್ ದೂರ. ಮೂರು ವರ್ಷಗಳ ಹಿಂದೆ ಗದ್ದೆಯ ಹುಣಿಯನ್ನು (ಬದುವನ್ನು) ಅಗಲ ಮಾಡಿ, ಎಲ್ಲೋ ಗುಡ್ಡ ಸಮತಟ್ಟು ಮಾಡುವಾಗ ಸಿಕ್ಕಿದ ಮಣ್ಣನ್ನು ಲಾರಿಗಟ್ಟಲೆ ತಂದು ಸುರಿದು, ಮೇಲೆ ಜಲ್ಲಿ ಹಾಸಿ ಡಾಮರು ಹಾಕಿದರು. ಮೊದಲ ಮಳೆಗಾಲದಲ್ಲಿ ಚಕ್ರದ ಜಾಡು ಮೂಡಿತು. ಎರಡನೆಯ ಮಳೆಗಾಲದಲ್ಲಿ ಅಂಚು ಕುಸಿಯಿತು. ಕಳೆದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಆಂಬುಲೆನ್ಸ್ ಒಳಗೆ ಬರಲಾಗದೆ ನನ್ನ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆಯವರೆಗೆ ಹೊತ್ತುಕೊಂಡು ಹೋದೆವು.

ಈಗ ಮತ್ತೊಮ್ಮೆ ಹಣ ಮಂಜೂರಾಗಿದೆ. ಮಣ್ಣನ್ನೇ ಗಟ್ಟಿ ಮಾಡುವ ಮಾತು ಬಂದಿದೆ. ಒಬ್ಬರು ನೂರಕ್ಕೆ ನಾಲ್ಕು ಪಾಲು ಸುಣ್ಣ ಬೆರೆಸಿದರೆ ಸಾಕು ಎನ್ನುತ್ತಾರೆ. ಗುತ್ತಿಗೆದಾರರು ಸಿಮೆಂಟ್ ಎನ್ನುತ್ತಾರೆ. ಮೂರನೆಯವರು ಒಂದು ಕ್ಯಾನ್ ದ್ರಾವಣ ತಂದು, ಇದನ್ನು ನೀರಿಗೆ ಕಲಸಿ ಚಿಮುಕಿಸಿದರೆ ಮಣ್ಣು ಕಲ್ಲಾಗುತ್ತದೆ ಎಂದು ತೋರಿಸಿ ಹೋದರು. ಗ್ರಾಮಸಭೆಯಲ್ಲಿ ನಾವು ಏನು ಕೇಳಬೇಕು? ಬಲ್ಲವರು ದಯವಿಟ್ಟು ಹೇಳಿ. ಪತ್ತನಾಜೆಯ (ಮೇ ಕೊನೆಯ ವಾರದ) ಮೊದಲು ಕೆಲಸ ಮುಗಿಯಬೇಕು, ಆಮೇಲೆ ಮಳೆ ಯಾರ ಮಾತನ್ನೂ ಕೇಳುವುದಿಲ್ಲ.

ತೋಡಿನ ಬದಿ

ಸುಣ್ಣ, ಸಿಮೆಂಟ್ ಎಲ್ಲ ಆಮೇಲೆ. ರಸ್ತೆಯ ಎರಡು ಬದಿಯಲ್ಲೂ ಕಣಿ (ಚರಂಡಿ) ಇದೆಯೇ? ರಸ್ತೆಯಡಿ ನೀರು ದಾಟುವ ಮೋರಿ ಎಷ್ಟಿದೆ?

ಬೈಲುಮನೆ

ಒಂದೇ ಮೋರಿ. ಕಣಿ ಇಲ್ಲ.

ತೋಡಿನ ಬದಿ

ಹಾಗಾದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ ಮಾರಾಯರೇ.

ಹಳೆಯ ಓವರ್ಸಿಯರ್

ಅರ್ಧ ಉತ್ತರ ನಿಜ, ಉಳಿದರ್ಧವನ್ನೂ ನೋಡೋಣ. ಬೈಲುಮನೆಯವರೇ, ನಿಮ್ಮ ರಸ್ತೆಯ ಅಡಿಯಲ್ಲಿ ಇರುವುದು ಒಂದು ಮಣ್ಣಲ್ಲ, ಎರಡು. ಮೇಲೆ ಸುರಿದದ್ದು ಗುಡ್ಡದ ಮಣ್ಣು. ಅದರ ಕೆಳಗಿರುವುದು ಬೈಲಿನ ಜೇಡಿ. ಎರಡರ ಗುಣವೂ ಬೇರೆ, ರೋಗವೂ ಬೇರೆ.

ಗುಡ್ಡದಿಂದ ಬಂದ ಮಣ್ಣು ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದಲ್ಲಿ, ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ನುಣ್ಣಗಿದೆಯೇ? ಹಾಗಿದ್ದರೆ ಅದು ಶೇಡಿ. ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ಪದರ, ಆಳದಲ್ಲಿ ಕರಿಬಂಡೆ, ನಡುವೆ ಶೇಡಿ. ಬೇಸಿಗೆಯಲ್ಲಿ ಗುಡ್ಡ ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಪಿಕ್ಕಾಸು ಹಾಕಿದರೂ ಸುಲಭಕ್ಕೆ ಕೀಳುವುದಿಲ್ಲ. ಅದನ್ನು ನೋಡಿಯೇ ಜನ ಮೋಸ ಹೋಗುತ್ತಾರೆ. ಜೂನ್‌ನಲ್ಲಿ ನೀರು ಸೇರಿತೆಂದರೆ ಅದೇ ಗೋಡೆ ಅಂಬಲಿಯಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಗುಡ್ಡ ಜರಿದ ಸುದ್ದಿ ಬಂದಾಗಲೆಲ್ಲ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಮುರಕಲ್ಲಿನ ಕೆಳಗೆ ಬಿಳಿ ಪದರ ಎಷ್ಟೋ ಸಲ ಕಾಣುತ್ತದೆ.

ಹಾಗಾಗಿ ಮೊದಲು ಸಿಬಿಆರ್ ಎಂಬ ಮಣ್ಣಿನ ಬಲದ ಪರೀಕ್ಷೆ ಮಾಡಿಸಿ, ಅದೂ ನೆನೆಸಿದ ಮಾದರಿಗೆ. ಅಚ್ಚಿನಲ್ಲಿ ಮಣ್ಣನ್ನು ಬಡಿದು ತುಂಬಿ, ನಾಲ್ಕು ದಿನ ಅಂದರೆ 96 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ 50 ಮಿ.ಮೀ. ವ್ಯಾಸದ ಉಕ್ಕಿನ ಗೂಟವನ್ನು ನಿಧಾನವಾಗಿ ಒತ್ತುತ್ತಾರೆ. ಗೂಟ 2.5 ಮಿ.ಮೀ. ಇಳಿಯಲು ಒಳ್ಳೆಯ ಜಲ್ಲಿಗೆ 1370 ಕೆ.ಜಿ. ಭಾರ ಬೇಕು. ನಿಮ್ಮ ಮಣ್ಣಿಗೆ ಅದರ ನೂರಕ್ಕೆ ಎಷ್ಟು ಬೇಕೋ ಅದೇ ಸಿಬಿಆರ್. ಸಿಬಿಆರ್ 3 ಎಂದರೆ ಬರೀ 41 ಕೆ.ಜಿ. ಒತ್ತಡಕ್ಕೇ ಗೂಟ ಅಷ್ಟು ಒಳಗಿಳಿಯಿತು ಎಂದರ್ಥ. ಒಣ ಶೇಡಿಯ ಸಿಬಿಆರ್ ತೋರಿಸಿ ರಸ್ತೆ ಕಟ್ಟಿಸಿದರೆ ಅದು ಜನವರಿಗೆ ಕಟ್ಟಿದ ರಸ್ತೆ, ಜುಲೈಗೆ ಅಲ್ಲ.

ಎರೆಹೊಲ

ನಾನು ಹುಬ್ಬಳ್ಳಿಯವನು, ಕೆಲಸಕ್ಕಾಗಿ ಮಂಗಳೂರಿನಲ್ಲಿ ಆರು ವರ್ಷದಿಂದ ಇದ್ದೇನೆ. ಇಷ್ಟು ಯೋಚನೆ ಏಕೆ? ನಮ್ಮ ಕಡೆ ಎರೆಮಣ್ಣಿನ ರಸ್ತೆಗೆ ಸುಣ್ಣ ಹಾಕಿ ನಾನೇ ಕೆಲಸ ಮಾಡಿಸಿದ್ದೇನೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು, ಮಳೆ ಬಂದರೆ ಎತ್ತಿನ ಕಾಲು ಹೂತುಹೋಗುವ ಮಣ್ಣು ಅದು. ನೂರಕ್ಕೆ ಐದರಂತೆ ಸುಣ್ಣ ಬೆರೆಸಿದ ಮರುದಿನವೇ ಅಂಟು ಬಿಟ್ಟು ರವೆಯಂತೆ ಉದುರತೊಡಗಿತು. ಅಷ್ಟು ಕೆಟ್ಟ ಮಣ್ಣೇ ಬಗ್ಗಿತು, ನಿಮ್ಮ ಶೇಡಿ ಬಗ್ಗುವುದಿಲ್ಲವೇ? ಸುಣ್ಣವನ್ನೇ ಕೇಳಿ.

ಮಣ್ಣಿನ ಮಗಳು

ಎರೆಹೊಲ ಅಣ್ಣ, ನೀವು ಕಂಡದ್ದು ಖಂಡಿತ ಸರಿ. ಆದರೆ ಅದೇ ಔಷಧ ಇಲ್ಲಿ ಅದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. ನಾನು ಸುರತ್ಕಲ್‌ನ ಇಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಓದಿದವಳು. ಅಲ್ಲಿ ಶೇಡಿಯ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆದಿದೆ, ನನ್ನ ಪ್ರಾಜೆಕ್ಟ್ ಕೂಡ ಇದೇ ಮಣ್ಣಿನ ಮೇಲೆ ಇತ್ತು.

ಸುಣ್ಣ ಮಣ್ಣಿನಲ್ಲಿ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಗಂಟೆಗಳಲ್ಲಿ ಆಗುವಂಥದ್ದು. ಜೇಡಿಯ ಕಣಗಳ ಮೇಲ್ಮೈಯಲ್ಲಿ ಸೋಡಿಯಂನಂತಹ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ನೀರನ್ನು ಹಿಡಿದುಕೊಂಡು ಕುಳಿತಿರುತ್ತವೆ. ಸುಣ್ಣದ ಕ್ಯಾಲ್ಸಿಯಂ ಬಂದು ಅವುಗಳ ಜಾಗ ಹಿಡಿಯುತ್ತದೆ. ಕಣಗಳು ಒಂದಕ್ಕೊಂದು ಹತ್ತಿರ ಬಂದು ಗಂಟುಕಟ್ಟುತ್ತವೆ, ಅಂಟು ಹೋಗಿ ಮಣ್ಣು ಉದುರುದುರಾಗುತ್ತದೆ. ನೀವು ಮರುದಿನ ಕಂಡ ರವೆ ಅದೇ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೋನೈಟ್ ಎಂಬ ಖನಿಜ ಇದೆ, ಅದರ ಅಯಾನು ವಿನಿಮಯ ಸಾಮರ್ಥ್ಯ 100 ಗ್ರಾಂಗೆ 80ರಿಂದ 150 ಮಿಲಿ ಈಕ್ವಿವಲೆಂಟ್. ಶೇಡಿಯಲ್ಲಿ ಹೆಚ್ಚಾಗಿ ಇರುವುದು ಕೆಯೊಲಿನೈಟ್, ಅದರದ್ದು 3ರಿಂದ 15 ಮಾತ್ರ. ವಿನಿಮಯಕ್ಕೆ ಜಾಗವೇ ಇಲ್ಲದಿದ್ದರೆ ಸುಣ್ಣ ಏನನ್ನು ಬದಲಿಸಬೇಕು? ಅಲ್ಲದೆ ಶೇಡಿಯ ತೊಂದರೆ ಉಬ್ಬುವುದೂ ಅಲ್ಲ, ಅಂಟುವುದೂ ಅಲ್ಲ. ಕಣಗಳನ್ನು ಹಿಡಿದಿಡುವ ಬಂಧ ಇಲ್ಲದಿರುವುದು. ಒಣಗಿದಾಗ ರಂಧ್ರಗಳಲ್ಲಿ ಉಳಿದ ಅಷ್ಟಿಷ್ಟು ತೇವವೇ ಕಣಗಳನ್ನು ಎಳೆದು ಕಟ್ಟಿರುತ್ತದೆ. ನೀರು ತುಂಬಿದ ಕ್ಷಣ ಆ ಎಳೆತ ಹೋಗುತ್ತದೆ.

ಸುಣ್ಣದ ಎರಡನೆಯ ಕೆಲಸ ನಿಧಾನದ್ದು. ಮಣ್ಣಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 12.4ರವರೆಗೆ ಏರಿದರೆ ಜೇಡಿಯೊಳಗಿನ ಸಿಲಿಕಾ, ಅಲ್ಯುಮಿನಾ ಕರಗಿ ಹೊರಬಂದು ಕ್ಯಾಲ್ಸಿಯಂ ಜೊತೆ ಸೇರಿ ಸಿಮೆಂಟಿನಂಥದೇ ಅಂಟನ್ನು ಕಟ್ಟುತ್ತವೆ. ಇದು ಶೇಡಿಯಲ್ಲೂ ಆಗುತ್ತದೆ, ಆದರೆ ವಾರಗಳು, ತಿಂಗಳುಗಳು ಬೇಕು. ಸಿಮೆಂಟ್ ತನ್ನ ಸಿಲಿಕೇಟನ್ನು ತಾನೇ ಹೊತ್ತು ತರುತ್ತದೆ, ಮಣ್ಣನ್ನು ಕಾಯುವುದಿಲ್ಲ. ಹಾಗಾಗಿ ಗುಡ್ಡದ ಶೇಡಿಗೆ ನನ್ನ ಮತ ಸಿಮೆಂಟಿಗೆ.

ಎರೆಹೊಲ

ತಂಗಿ, ಒಪ್ಪಿದೆ. ಆದರೆ ಬೈಲಿನ ಜೇಡಿಗೆ? ಓವರ್ಸಿಯರ್ ಅಣ್ಣನೇ ಎರಡು ಮಣ್ಣು ಎಂದರಲ್ಲ. ಅಂಟಂಟಾದ ಹಸಿ ಜೇಡಿಗೆ ಸಿಮೆಂಟ್ ಹಾಕಿದರೆ ಹೆಂಟೆ ಒಡೆಯುವುದೇ ಇಲ್ಲ, ಹೊರಗೆ ಸಿಮೆಂಟ್, ಒಳಗೆ ಕೆಸರು. ಅಲ್ಲಿ ಸುಣ್ಣವೇ ಬೇಕು.

ಮಣ್ಣಿನ ಮಗಳು

ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಅಂಟುಮಣ್ಣಿಗೆ ಮೊದಲು ಸ್ವಲ್ಪ ಸುಣ್ಣ ಬೆರೆಸಿ ಉದುರಾಗಿಸಿ, ಒಂದೆರಡು ದಿನ ಬಿಟ್ಟು ಸಿಮೆಂಟ್ ಬೆರೆಸುವ ಕ್ರಮವೂ ಇದೆ.

ಹಳೆಯ ಓವರ್ಸಿಯರ್

ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲೂ ದಾರಿ ಇದೇ. ಐಆರ್‌ಸಿ ಎಸ್‌ಪಿ 89 ಎಂಬ ಪುಸ್ತಿಕೆ 2010ರಲ್ಲಿ ಬಂತು, ಸುಣ್ಣ, ಸಿಮೆಂಟ್, ಹಾರುಬೂದಿ (ಕಲ್ಲಿದ್ದಲು ಸುಟ್ಟ ನುಣ್ಣನೆಯ ಬೂದಿ) ಮೂರರ ವಿಚಾರವೂ ಅದರಲ್ಲಿದೆ. ಮಣ್ಣಿನ ಪ್ಲಾಸ್ಟಿಸಿಟಿ ಸೂಚ್ಯಂಕ (ಜಿಗುಟಿನ ಅಳತೆ) 10ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸುಣ್ಣ, ಕಡಿಮೆ ಇದ್ದರೆ ಸಿಮೆಂಟ್. ಆದರೆ ನಮ್ಮ ಶೇಡಿ ಹಲವು ಕಡೆ ಈ ಗೆರೆಯ ಆಚೀಚೆಯೇ ನಿಲ್ಲುವ ಮಣ್ಣು. ಪುಸ್ತಕದ ಒಂದು ಸಾಲು ಓದಿ ನಿರ್ಧರಿಸಬೇಡಿ. ಎರಡನ್ನೂ ಬೆರೆಸಿ ಅಚ್ಚು ಹಾಕಿ, ಏಳು ದಿನ ಬಿಟ್ಟು ಒಡೆದು ನೋಡಿ.

ಹೆಂಚಿನ ಮನೆ

ಶೇಡಿ ಎಂಬ ಮಾತು ಕೇಳಿ ನನ್ನ ಅಜ್ಜಿಯ ನೆನಪು ಬಂತು. ದೀಪಾವಳಿಗೆ ಮುಂಚೆ ಗುಡ್ಡದಿಂದ ಬಿಳಿ ಶೇಡಿ ತಂದು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಗೋಡೆಗೆ ಹಚ್ಚುತ್ತಿದ್ದರು. ಕೆಳಗೆ ಕೆಮ್ಮಣ್ಣಿನ ಕಾರಣೆ. ಜಡಿಮಳೆಯ ಎರಚಲು ಬಡಿದ ಗೋಡೆಯಲ್ಲಿ ಮಾತ್ರ ಶೇಡಿ ನಿಲ್ಲುತ್ತಿರಲಿಲ್ಲ, ಪ್ರತಿ ವರ್ಷ ಹೊಸದಾಗಿ ಹಚ್ಚಬೇಕಿತ್ತು. ಓವರ್ಸಿಯರ್ ಅವರ ಮಾತು ಓದಿದ ಮೇಲೆ ಕಾರಣ ತಿಳಿಯಿತು.

ಇನ್ನೊಂದು ಮಾತು. ಇದೇ ಊರಿನ ಜೇಡಿಯಿಂದಲ್ಲವೇ ಮಂಗಳೂರು ಹೆಂಚು ಆದದ್ದು? ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೂರು ವರ್ಷ ಮಳೆ ಸುರಿದರೂ ಕರಗದ ಹೆಂಚು ನೀರು ಕಂಡರೆ ಕೆಸರಾಗುವ ಮಣ್ಣಿನದೇ ಮಗು. ಬೆಂಕಿ ಮಾಡಿದ ಕೆಲಸವನ್ನು ರಸ್ತೆಯಲ್ಲಿ ಸುಣ್ಣದ ಕೈಯಲ್ಲಿ ಮಾಡಿಸುತ್ತಿದ್ದೀರಿ ಎಂದಾಯಿತು.

ಹಳೆಯ ಓವರ್ಸಿಯರ್

ಒಂದು ತಿದ್ದುಪಡಿ: ಹೆಂಚಿಗೆ ಬಳಸಿದ್ದು ಶೇಡಿಯಲ್ಲ, ನದಿ ಬದಿಯ ಮತ್ತು ಗದ್ದೆಯ ಜೇಡಿಮಣ್ಣು. ಶೇಡಿಗೆ ಅಷ್ಟು ಜಿಗುಟು ಇಲ್ಲ. ಆದರೆ ನಿಮ್ಮ ಮಾತಿನಲ್ಲಿ ಒಂದು ಮುಖ್ಯ ಸಂಗತಿ ಇದೆ. ಹಳೆಯ ಕಟ್ಟಡಗಳಲ್ಲಿ ಒಡೆದ ಇಟ್ಟಿಗೆ, ಹೆಂಚನ್ನು ಪುಡಿ ಮಾಡಿ ಸುರ್ಕಿ ಎಂದು ಸುಣ್ಣದ ಗಾರೆಗೆ ಸೇರಿಸುತ್ತಿದ್ದರು. ಹದವಾಗಿ ಸುಟ್ಟ ಜೇಡಿಯ ಪುಡಿ ಸುಣ್ಣದ ಜೊತೆ ಸೇರಿದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಮಣ್ಣಿನ ಮಗಳು ಹೇಳಿದ ನಿಧಾನದ ಕೆಲಸ ಇದೇ. ನಮ್ಮ ಗಾರೆ ಕೆಲಸದವರಿಗೆ ಇದು ಅನುಭವದಿಂದ ಗೊತ್ತಿತ್ತು.

ಉಳ್ಳಾಲ ಕಡಲು

ಹಾಗಾದರೆ ಚಿಪ್ಪು ಸುಣ್ಣ ಆಗುವುದಿಲ್ಲವೇ? ನಮ್ಮ ಬಾಲ್ಯದಲ್ಲಿ ಹೊಳೆಯಿಂದ ಮರುವಾಯಿ ಚಿಪ್ಪು ರಾಶಿ ಹಾಕಿ ಗೂಡಿನಲ್ಲಿ ಸುಡುತ್ತಿದ್ದರು. ಎಲೆ ಅಡಿಕೆಗೂ ಅದೇ ಸುಣ್ಣ, ಗೋಡೆಗೂ ಅದೇ.

ಮಣ್ಣಿನ ಮಗಳು

ರಸಾಯನದ ಲೆಕ್ಕದಲ್ಲಿ ಚಿಪ್ಪೂ ಒಂದೇ, ಸುಣ್ಣದ ಕಲ್ಲೂ ಒಂದೇ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಸುಮಾರು 900 ಡಿಗ್ರಿಗೆ ಕಾಯಿಸಿದರೆ ಎರಡೂ ಸುಟ್ಟ ಸುಣ್ಣ. ಆದರೆ ತಂದ ಸುಣ್ಣ ಎಷ್ಟು ಶುದ್ಧ, ಎಷ್ಟು ಹೊಸದು ಎಂದು ನೋಡಲೇಬೇಕು. ಚೀಲ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಮತ್ತೆ ಚಿಪ್ಪಿನ ಪುಡಿಯೇ ಆಗಿರುತ್ತದೆ. ಅದನ್ನು ಬೆರೆಸಿದರೆ ಬಣ್ಣ ಬಿಳಿಯಾಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ರೋಲರ್ ಸದ್ದು

ಚಿಪ್ಪು ಸುಣ್ಣ ಎನ್ನುವ ಮುಂಚೆ ಲೆಕ್ಕ ಹಾಕೋಣ. ಉದ್ದ 1200 ಮೀಟರ್, ಅಗಲ 3.75, ದಪ್ಪ 20 ಸೆಂ.ಮೀ. ಎಂದಿಟ್ಟುಕೊಳ್ಳಿ. 900 ಘನ ಮೀಟರ್ ಆಯಿತು. ಒಂದು ಘನ ಮೀಟರ್‌ಗೆ 1.6 ಟನ್‌ನಂತೆ 1440 ಟನ್ ಒಣ ಮಣ್ಣು. ಅದಕ್ಕೆ ನೂರಕ್ಕೆ ನಾಲ್ಕರಂತೆ ಸುಣ್ಣ 57 ಟನ್ನಿಗೂ ಹೆಚ್ಚು. ಯಾವ ಹೊಳೆಯ ಮರುವಾಯಿ ಸಾಕಾದೀತು? ಸಿಮೆಂಟ್ ನೂರಕ್ಕೆ ಐದಾದರೆ 72 ಟನ್, ಅಂದರೆ 1440 ಚೀಲ. ಗ್ರಾಮಸಭೆಯಲ್ಲಿ ಈ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಕೆಲಸದ ಜಾಗದಲ್ಲಿ 600 ಚೀಲ ಮಾತ್ರ ಇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ನಾನು ಹದಿನೈದು ವರ್ಷದಿಂದ ರಸ್ತೆ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದೇನೆ. ನನ್ನ ಕಣ್ಣೆದುರು ಕೆಟ್ಟ ಸ್ಥಿರೀಕರಣದ (ಮಣ್ಣು ಗಟ್ಟಿ ಮಾಡುವ) ಕೆಲಸಗಳಲ್ಲಿ ಹೆಚ್ಚಿನವು ಔಷಧ ತಪ್ಪಿ ಕೆಟ್ಟವಲ್ಲ, ಕಲಸುವುದು ತಪ್ಪಿ ಕೆಟ್ಟವು. ಪ್ರಯೋಗಾಲಯದಲ್ಲಿ ಮಣ್ಣನ್ನು ಜರಡಿ ಹಿಡಿದು ಬಟ್ಟಲಲ್ಲಿ ಕಲಸುತ್ತಾರೆ. ಬೈಲಿನಲ್ಲಿ ಮುಷ್ಟಿಗಾತ್ರದ ಹೆಂಟೆಗಳ ಮೇಲೆ ಚೀಲ ಬಿಚ್ಚಿ ಸುರಿದು, ಜೆಸಿಬಿಯಿಂದ ಎರಡು ಸಲ ಕೆದಕಿ ರೋಲರ್ ಓಡಿಸುತ್ತಾರೆ. ಅದು ಸ್ಥಿರೀಕರಣ ಅಲ್ಲ. ಮಣ್ಣು 26.5 ಮಿ.ಮೀ. ಜರಡಿಯಲ್ಲಿ ಪೂರ್ತಿ ಇಳಿಯುವಷ್ಟು ಪುಡಿಯಾಗಬೇಕು. ದೊಡ್ಡ ಯಂತ್ರ ಬಾರದಿದ್ದರೆ ಗದ್ದೆ ಉಳುವ ಟ್ರ್ಯಾಕ್ಟರ್‌ನ ರೋಟಾವೇಟರ್ ಸಾಕು, ಆದರೆ ನಾಲ್ಕೈದು ಸಲ ಹೋಗಬೇಕು. ಚೀಲಗಳನ್ನು ಚೌಕ ಗೆರೆ ಎಳೆದು ಲೆಕ್ಕದಂತೆ ಇಡಬೇಕು. ಮಣ್ಣಿನ ಹದ ನೋಡಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಸಿಮೆಂಟ್ ಆದರೆ ನೀರು ಬಿದ್ದ ಎರಡು ಗಂಟೆಯೊಳಗೆ ರೋಲರ್ ಕೆಲಸ ಮುಗಿಯಬೇಕು. ಊಟಕ್ಕೆ ಹೋಗಿ ಬಂದು ಒತ್ತಿದರೆ ಆಗಲೇ ಕಟ್ಟಿದ ಬಂಧವನ್ನು ಒಡೆದ ಹಾಗೆ. ಆಮೇಲೆ ಕನಿಷ್ಠ ಏಳು ದಿನ ಒದ್ದೆ ಗೋಣಿಯೋ ಹುಲ್ಲೋ ಮುಚ್ಚಿ ನೀರುಣಿಸಬೇಕು, ವಾಹನ ಬಿಡಬಾರದು.

ದಾದಿ ಅಕ್ಕ

ಒಂದು ವಿನಂತಿ. ಸುಣ್ಣ ಬಳಸುವುದಾದರೆ ಕೆಲಸದವರ ಕಣ್ಣು, ಕೈಕಾಲುಗಳ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಸುಣ್ಣದ ಚೀಲ ಹೊತ್ತು, ಬೆವರಿದ ಕುತ್ತಿಗೆಯ ಚರ್ಮ ಸುಟ್ಟುಕೊಂಡು ಬಂದ ಹುಡುಗನಿಗೆ ಪಟ್ಟಿ ಕಟ್ಟಿದ್ದೇನೆ. ಅರಳಿಸದ ಸುಣ್ಣಕ್ಕೆ ನೀರು ತಾಗಿದರೆ ಕುದಿಯುವಷ್ಟು ಬಿಸಿ ಬರುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಿದ್ದ ಕೂಡಲೇ ಉಜ್ಜದೆ, ಇಪ್ಪತ್ತು ನಿಮಿಷವಾದರೂ ಧಾರೆಯಾಗಿ ಶುದ್ಧ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಓಡಿ. ಕೈಗವಸು, ಕನ್ನಡಕ, ಬೂಟು ಟೆಂಡರಿನಲ್ಲೇ ಬರೆದಿರಲಿ. ದೂರದ ಊರುಗಳಿಂದ ಕೂಲಿಗೆ ಬಂದ ಮಕ್ಕಳು ಅವರು, ತಾವಾಗಿ ಕೇಳುವುದಿಲ್ಲ.

ರೋಲರ್ ಸದ್ದು

ಅಕ್ಕ, ಒಳ್ಳೆಯ ಮಾತು ನೆನಪಿಸಿದಿರಿ. ಗಾಳಿ ಜೋರಿರುವ ಮಧ್ಯಾಹ್ನ ಸುಣ್ಣ ಹರಡಲೇಬಾರದು. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು.

ಕೊಳಕೆ ಗದ್ದೆ

ನಾನು ಬೇರೆಯೇ ಮಾತು ಹೇಳುತ್ತೇನೆ, ಬೇಸರ ಬೇಡ. ನೀವೆಲ್ಲ ರಸ್ತೆಯನ್ನು ಗಟ್ಟಿ ಮಾಡುವ ಲೆಕ್ಕದಲ್ಲಿದ್ದೀರಿ. ಹುಣಿಯನ್ನು ಎತ್ತರಿಸಿ ರಸ್ತೆ ಮಾಡಿದ ಮೇಲೆ ಮೇಲಿನ ಮಜಲು ಗದ್ದೆಯಿಂದ ಬೈಲಿಗೆ ಇಳಿಯುವ ನೀರು ಎಲ್ಲಿಗೆ ಹೋಗಬೇಕು? ನಮ್ಮ ಊರಿನಲ್ಲಿ ಇಂಥದೇ ರಸ್ತೆ ಬಂದ ಮೇಲೆ ಮೇಲ್ಬದಿಯ ಗದ್ದೆಗಳಲ್ಲಿ ಏಣಿಲು (ಮುಂಗಾರು) ಬೆಳೆಯ ನೇಜಿ, ಅಂದರೆ ಭತ್ತದ ಸಸಿ, ವಾರಗಟ್ಟಲೆ ನೀರಿನಡಿ ಕೊಳೆಯಿತು. ಮೂರು ಬೆಳೆ ತೆಗೆಯುತ್ತಿದ್ದ ಗದ್ದೆಯಲ್ಲಿ ಈಗ ಹುಲ್ಲು. ಆ ನಿಂತ ನೀರೇ ರಸ್ತೆಯ ಅಡಿಗೆ ಇಂಗಿ ರಸ್ತೆಯನ್ನೂ ಕೆಡಿಸಿತು. ಗದ್ದೆಗೂ ನಷ್ಟ, ರಸ್ತೆಗೂ ನಷ್ಟ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಊರಿನಲ್ಲಿ 1.2 ಕಿಲೋಮೀಟರ್‌ಗೆ ಒಂದು ಮೋರಿ ಎಂದರೆ ಅದು ರಸ್ತೆಯಲ್ಲ, ಕಟ್ಟ.

ತೋಡಿನ ಬದಿ

ನಾನು ಮೊದಲೇ ಕೇಳಿದ್ದು ಇದನ್ನೇ.

ಎರೆಹೊಲ

ಆದರೆ ಬರೀ ಮೋರಿ ಹಾಕಿದರೆ ಮಣ್ಣಿನ ಬಲ ಬರುವುದಿಲ್ಲ. ಎರಡೂ ಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬೇಡ ಎನ್ನಬೇಡಿ.

ಕೊಳಕೆ ಗದ್ದೆ

ಬೇಡ ಎನ್ನಲಿಲ್ಲ. ಹಣ ಸಾಲದೆ ಹೋದಾಗ ಮೊದಲು ಕತ್ತರಿ ಬೀಳುವುದು ಮೋರಿಗೇ. ಅದಕ್ಕೆ ಮೊದಲ ಸಾಲಿನಲ್ಲಿ ಮೋರಿ ಬರೆಯಿರಿ ಎನ್ನುತ್ತಿದ್ದೇನೆ.

ಪಡುಬಿದ್ರಿ ಗಾಳಿ

ಸಿಮೆಂಟ್ ದುಬಾರಿ ಎನಿಸಿದರೆ ಹಾರುಬೂದಿ ಬೆರೆಸಬಹುದಲ್ಲ? ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ನಮ್ಮ ಉಡುಪಿ ಜಿಲ್ಲೆಯಲ್ಲೇ ಇದೆ. ಬಳ್ಳಾರಿ ಕಡೆಯ ಉಕ್ಕಿನ ಕುಲುಮೆಗಳಿಂದ ಕಿಟ್ಟದ ಪುಡಿಯೂ ಬರುತ್ತದೆ, ಜಿಜಿಬಿಎಸ್ ಎನ್ನುತ್ತಾರೆ.

ಮಣ್ಣಿನ ಮಗಳು

ಹಾರುಬೂದಿಯಲ್ಲಿ ಸುಣ್ಣದ ಅಂಶ ಕಡಿಮೆ ಇದ್ದರೆ ಅದು ತಾನಾಗಿ ಗಟ್ಟಿಯಾಗುವುದಿಲ್ಲ, ಎಬ್ಬಿಸಲು ಸುಣ್ಣವೋ ಸಿಮೆಂಟೋ ಬೇಕು. ಕೆಯೊಲಿನೈಟ್ ಮಣ್ಣಿಗೆ ಸುಣ್ಣ ಮತ್ತು ಬೂದಿ ಜೋಡಿಯಾಗಿ ಹೋದರೆ ಒಳ್ಳೆಯದು, ಕರಗಿ ಬರುವ ಸಿಲಿಕಾವನ್ನು ಬೂದಿ ಒದಗಿಸುತ್ತದೆ. ಕಿಟ್ಟದ ಪುಡಿಯೂ ಹಾಗೆಯೇ, ಸ್ವಲ್ಪ ಸುಣ್ಣ ತಾಗಿದರೆ ಕೆಲಸ ಶುರು ಮಾಡುತ್ತದೆ. ಆದರೆ ರಸ್ತೆಯ ಪಕ್ಕದಲ್ಲೇ ಕುಡಿಯುವ ನೀರಿನ ಬಾವಿಗಳಿದ್ದರೆ ಬೂದಿಯಿಂದ ಭಾರಲೋಹ ಸೋರುತ್ತದೆಯೇ ಎಂಬ ಪರೀಕ್ಷೆಯ ವರದಿ ಕೇಳಿ. ಬೈಲಿನ ಬಾವಿಗಳಲ್ಲಿ ಮಳೆಗಾಲದ ನೀರು ಕೈಗೆ ಎಟಕುವಷ್ಟು ಮೇಲಿರುತ್ತದೆ.

ಬೈಲುಮನೆಯವರೇ, ನಿಮ್ಮ ಬೈಲಿಗೆ ಉಪ್ಪುನೀರು ಏರುತ್ತದೆಯೇ? ಇದು ಮುಖ್ಯ.

ಬೈಲುಮನೆ

ಏರುತ್ತದೆ. ಶಾಂಭವಿ ಹೊಳೆಯ ಕಡೆಯಿಂದ ತೋಡಿನಲ್ಲಿ ಬರುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದ ವರ್ಷ ಕೆಳಗಿನ ಎರಡು ಗದ್ದೆಗಳಿಗೂ ಬಂದಿದೆ.

ಮಣ್ಣಿನ ಮಗಳು

ಹಾಗಾದರೆ ಕೆಳಗಿನ ಆ ಭಾಗಕ್ಕೆ ಎಚ್ಚರ ಬೇಕು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಮಣ್ಣಿನಲ್ಲಿ ಸಲ್ಫೇಟ್ ಸೇರಿಕೊಂಡಿದ್ದರೆ, ನಾವು ಹಾಕಿದ ಸುಣ್ಣ, ಜೇಡಿಯ ಅಲ್ಯುಮಿನಾ ಮತ್ತು ನೀರಿನ ಜೊತೆ ಅದು ಸೇರಿ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳು ಬೆಳೆಯುತ್ತದೆ. ತನ್ನೊಳಗೆ ಬಹಳ ನೀರು ಹಿಡಿದು ಊದಿಕೊಂಡು ರಸ್ತೆಯನ್ನೇ ಮೇಲಕ್ಕೆತ್ತುತ್ತದೆ. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಸ್ಟೀವರ್ಟ್ ಅವೆನ್ಯೂ ಎಂಬ ರಸ್ತೆ ಸುಣ್ಣ ಹಾಕಿ ಗಟ್ಟಿ ಮಾಡಿದ ಮೇಲೆಯೇ ಹೀಗೆ ಉಬ್ಬಿ ಒಡೆಯಿತು. ನಮ್ಮ ಕಲಿಕೆಯಲ್ಲಿ ಆ ಉದಾಹರಣೆ ಮತ್ತೆ ಮತ್ತೆ ಬರುತ್ತಿತ್ತು. ಸಲ್ಫೇಟ್ ನೂರಕ್ಕೆ 0.2ಕ್ಕಿಂತ ಹೆಚ್ಚಿದ್ದರೆ ಸುಣ್ಣ, ಸಿಮೆಂಟ್ ಬೆರೆಸಬಾರದೆಂಬ ಮಿತಿ ನಮ್ಮ ಮಾರ್ಗಸೂಚಿಗಳಲ್ಲೂ ಇದೆ. ಕಿಟ್ಟದ ಪುಡಿ ಇಂಥಲ್ಲಿ ಸುಣ್ಣಕ್ಕಿಂತ ವಾಸಿ.

ಇನ್ನೊಂದು, ಗದ್ದೆಯ ಮೇಲ್ಮಣ್ಣು. ವರ್ಷಾನುಗಟ್ಟಲೆ ಸೊಪ್ಪು, ಗೊಬ್ಬರ, ಹುಲ್ಲಿನ ಬೇರು ಕೊಳೆತು ಕಪ್ಪಾದ ಮಣ್ಣು ಅದು. ಬೆಳೆಗೆ ಚಿನ್ನ, ಸುಣ್ಣಕ್ಕೆ ಶತ್ರು. ಕೊಳೆತ ಸಾವಯವ ಆಮ್ಲಗಳು ಸುಣ್ಣವನ್ನು ನುಂಗಿ ಪಿಎಚ್ ಏರಲು ಬಿಡುವುದಿಲ್ಲ. ಪರೀಕ್ಷೆ ಸುಲಭ: 20 ಗ್ರಾಂ ಮಣ್ಣು, 100 ಮಿಲಿ ಬಟ್ಟಿ ಇಳಿಸಿದ ನೀರು, ಬೇರೆ ಬೇರೆ ಬಾಟಲಿಗಳಲ್ಲಿ ನೂರಕ್ಕೆ ಎರಡು, ಮೂರು, ನಾಲ್ಕು, ಐದು, ಆರರಂತೆ ಸುಣ್ಣ. ಆಗಾಗ ಕುಲುಕಿ ಒಂದು ಗಂಟೆಯ ಮೇಲೆ ಪಿಎಚ್ ಅಳೆಯಿರಿ. ಯಾವ ಬಾಟಲಿ ಮೊದಲು 12.4 ಮುಟ್ಟುತ್ತದೋ ಅಷ್ಟು ಸುಣ್ಣ ಆ ಮಣ್ಣಿಗೆ ಕನಿಷ್ಠ ಬೇಕು. ಈಡ್ಸ್ ಮತ್ತು ಗ್ರಿಮ್ ಎಂಬವರು 1966ರಲ್ಲಿ ಕೊಟ್ಟ ವಿಧಾನ. ನಿಮಗೆ "ನಾಲ್ಕು ಸಾಕು" ಎಂದವರು ಯಾವ ಬಾಟಲಿ ನೋಡಿ ಹೇಳಿದರು ಎಂದು ಕೇಳಿ.

ಹಳೆಯ ಓವರ್ಸಿಯರ್

ನನ್ನ ಚಿಂತೆ ಅದಕ್ಕೂ ಕೆಳಗೆ ಇದೆ. ಹೊಳೆ ಬದಿಯ ಬೈಲಿನಲ್ಲಿ ಮೆದು ಜೇಡಿ ಮೀಟರುಗಟ್ಟಲೆ ಆಳ ಇರಬಹುದು. ನೀವು ಮೇಲಿನ 20 ಸೆಂ.ಮೀ. ಎಷ್ಟೇ ಗಟ್ಟಿ ಮಾಡಿ, ಅಡಿಯ ಜೇಡಿ ಭಾರಕ್ಕೆ ನೀರು ಬಿಟ್ಟುಕೊಂಡು ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ. ಹಾಸಿಗೆಯ ಮೇಲೆ ಹಲಗೆ ಇಟ್ಟಂತೆ. ಹೆದ್ದಾರಿಯಾದರೆ ಜೇಡಿಯ ನೀರನ್ನು ಹೊರಗೆಳೆಯುವ ಲಂಬ ಬತ್ತಿಗಳು, ಜಲ್ಲಿ ಕಂಬಗಳು ಎಂದೆಲ್ಲ ದಾರಿ ಇದೆ. ಸ್ವೀಡನ್‌ನಲ್ಲಿ 1970ರ ದಶಕದಲ್ಲಿ ಜೇಡಿಯ ಆಳಕ್ಕೇ ಸುಣ್ಣ ಬೆರೆಸಿ ಕಂಬಗಳಂತೆ ಕಟ್ಟುವ ವಿಧಾನ ರೂಢಿಗೆ ತಂದರು. ಊರ ರಸ್ತೆಗೆ ಅಷ್ಟು ಹಣ ಯಾರು ಕೊಡುತ್ತಾರೆ? ನಮಗಿರುವ ಅಗ್ಗದ ಔಷಧ ಸಮಯ. ಮಣ್ಣು ತುಂಬಿಸಿ ಒಂದು ಮಳೆಗಾಲ ಹಾಗೆಯೇ ಬಿಡಬೇಕು. ಕುಗ್ಗುವಷ್ಟು ಕುಗ್ಗಲಿ. ಆಮೇಲೆ ಮೇಲ್ಪದರ ಗಟ್ಟಿ ಮಾಡಿ ಡಾಮರು ಹಾಕಿ. ಮೂರು ವರ್ಷದ ಹಿಂದೆ ಸುರಿದ ಭಾರಕ್ಕೆ ನಿಮ್ಮ ಬೈಲು ಈಗಾಗಲೇ ಒಂದಿಷ್ಟು ಕುಗ್ಗಿದೆ, ಅದು ಲಾಭವೇ. ಹೊಸದಾಗಿ ಎತ್ತರಿಸಲು ಹೋಗಬೇಡಿ.

ಉಳ್ಳಾಲ ಕಡಲು

ನಮ್ಮ ಅಜ್ಜ ಕೆಸರಿನ ದಾರಿಗೆ ಅಡ್ಡಡ್ಡ ತೆಂಗಿನ ಕಾಂಡ ಹಾಕಿ, ಮೇಲೆ ಮಡಲು (ತೆಂಗಿನ ಗರಿ) ಹಾಸಿ ಮಣ್ಣು ತುಂಬುತ್ತಿದ್ದರು. ಗಾಡಿ ಓಡುತ್ತಿತ್ತು.

ಹಳೆಯ ಓವರ್ಸಿಯರ್

ಈಗ ಅದೇ ಕೆಲಸಕ್ಕೆ ತೆಂಗಿನ ನಾರಿನ ಚಾಪೆ ಬಂದಿದೆ. ಕೆಸರು ಜಲ್ಲಿಯೊಳಗೆ ಏರದಂತೆ ತಡೆಯುತ್ತದೆ. ಕೆಲವು ವರ್ಷಗಳಲ್ಲಿ ನಾರು ಕೊಳೆಯುತ್ತದೆ, ಅಷ್ಟರಲ್ಲಿ ಮಣ್ಣು ಕುಳಿತು ಗಟ್ಟಿಯಾಗಿರುತ್ತದೆ. ನಿಮ್ಮ ಅಜ್ಜನದು ಸರಿಯಾದ ಕೆಲಸ.

ಬೈಲುಮನೆ

ಕ್ಯಾನಿನ ದ್ರಾವಣದ ಬಗ್ಗೆ ಯಾರೂ ಹೇಳಲಿಲ್ಲ.

ರೋಲರ್ ಸದ್ದು

ಕಿಣ್ವದ ದ್ರಾವಣ ಇರಬೇಕು. ಎಲ್ಲವೂ ಸುಳ್ಳೆಂದು ನಾನು ಹೇಳುವುದಿಲ್ಲ. ಕೆಲವು ಜೇಡಿಗಳಲ್ಲಿ ಒತ್ತುವಿಕೆ ಚೆನ್ನಾಗಿ ಬಂದದ್ದನ್ನು ನೋಡಿದ್ದೇನೆ. ಆದರೆ ಒಣಗಿಸಿದ ಉಂಡೆಯನ್ನು ಮೇಜಿಗೆ ಕುಟ್ಟಿ ತೋರಿಸಿದರೆ ನಂಬಬೇಡಿ. ಒಣ ಶೇಡಿ ದ್ರಾವಣವಿಲ್ಲದೆಯೂ ಹಾಗೆಯೇ ಸದ್ದು ಮಾಡುತ್ತದೆ. ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ನಾಲ್ಕು ದಿನ ಬಿಟ್ಟು ತೋರಿಸಿ ಎನ್ನಿ.

ಬೈಲುಮನೆ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ರೋಲರ್ ಸದ್ದು ಅವರ ಬಕೆಟ್ಟಿನ ಮಾತು ಹಿಡಿದು ಮನೆಯಲ್ಲೇ ಮಾಡಿ ನೋಡಿದೆವು. ಮಗಳು ಹತ್ತನೆಯ ತರಗತಿ, ಅವಳೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಳು. ರಸ್ತೆಯ ಅಂಚಿನಿಂದ ತೆಗೆದ ಶೇಡಿಯಿಂದ ಮೂರು ಉಂಡೆ ಕಟ್ಟಿದೆವು: ಒಂದು ಬರೀ ಮಣ್ಣು, ಒಂದಕ್ಕೆ ನೂರಕ್ಕೆ ಐದರಷ್ಟು ಸುಣ್ಣ, ಒಂದಕ್ಕೆ ಅಷ್ಟೇ ಸಿಮೆಂಟ್. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್‌ನಲ್ಲಿ ಏಳು ದಿನ ಇಟ್ಟು, ಒಂದು ದಿನ ನೆರಳಲ್ಲಿ ಒಣಗಿಸಿ ನೀರಿಗೆ ಹಾಕಿದೆವು.

ಬರೀ ಮಣ್ಣಿನ ಉಂಡೆ ನಾವು ನೋಡುತ್ತಿದ್ದಂತೆಯೇ ಗುಳ್ಳೆ ಬಿಟ್ಟು ಜರಿಯಿತು, ಹತ್ತು ನಿಮಿಷದಲ್ಲಿ ತಳದಲ್ಲಿ ಬರೀ ರಾಡಿ. ಸುಣ್ಣದ್ದು ಸಂಜೆಯವರೆಗೆ ನಿಂತಿತು, ಮರುದಿನ ಅಂಚು ಉದುರಿತ್ತು. ಸಿಮೆಂಟಿನದ್ದು ಇಂದಿಗೂ ಇಡಿಯಾಗಿದೆ. ಅತ್ತೆ ಬಕೆಟ್ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತು ಪೂರ್ತಿ ನೋಡಿದರು. "ಇಷ್ಟನ್ನು ಮೂರು ವರ್ಷ ಮುಂಚೆ ಯಾರಾದರೂ ಮಾಡಿದ್ದರೆ" ಎಂದು ಮಾತು ಅರ್ಧಕ್ಕೇ ಬಿಟ್ಟರು.

ದ್ರಾವಣದವರಿಗೆ ಫೋನ್ ಮಾಡಿ ನೀರಿನ ಪರೀಕ್ಷೆ ಕೇಳಿದೆ. ಮತ್ತೆ ಕರೆ ಮಾಡುತ್ತೇವೆ ಎಂದಿದ್ದಾರೆ.

ಮಣ್ಣಿನ ಮಗಳು

ತುಂಬಾ ಸಂತೋಷವಾಯಿತು. ಮಗಳಿಗೆ ನನ್ನ ಅಭಿನಂದನೆ ಹೇಳಿ. ಸುಣ್ಣದ ಉಂಡೆ ಇನ್ನೊಂದು ಕಟ್ಟಿ 28 ದಿನ ಇಟ್ಟು ನೋಡಲು ಹೇಳಿ, ಅಂಚು ಉದುರುವುದು ಕಡಿಮೆಯಾಗಬೇಕು. ಆದರೆ ಇದನ್ನೇ ಅಂತಿಮ ಎಂದುಕೊಳ್ಳಬೇಡಿ. ಉಂಡೆಯಲ್ಲಿ ಒತ್ತಡದ ಅಳತೆ ಇಲ್ಲ, ಸಲ್ಫೇಟಿನ ಲೆಕ್ಕ ಇಲ್ಲ. ಕೆಳಗಿನ ಬೈಲಿನ ಮಣ್ಣನ್ನೂ ಪ್ರಯೋಗಾಲಯಕ್ಕೆ ಕೊಡಲೇಬೇಕು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶುಲ್ಕ ಕಟ್ಟಿದರೆ ಮಾಡಿಕೊಡುತ್ತಾರೆ.

ಎರೆಹೊಲ

ಶೇಡಿಯ ವಿಷಯದಲ್ಲಿ ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಬೈಲಿನ ಜೇಡಿಗೆ ಸುಣ್ಣ ಎಂಬುದರಲ್ಲಿ ಮಾತ್ರ ಈಗಲೂ ನಿಂತಿದ್ದೇನೆ, ಉಪ್ಪುನೀರು ಏರದ ಭಾಗದಲ್ಲಿ.

ಬೈಲುಮನೆ

ಗ್ರಾಮಸಭೆಗೆ ಅರ್ಜಿ ಬರೆದಿದ್ದೇನೆ. ಕೊಳಕೆ ಗದ್ದೆಯವರ ಮಾತಿನಂತೆ ಮೊದಲ ಸಾಲಿನಲ್ಲೇ ನಾಲ್ಕು ಮೋರಿ ಮತ್ತು ಎರಡೂ ಬದಿ ಕಣಿ. ಎರಡನೆಯದಾಗಿ ನೆನೆಸಿದ ಸಿಬಿಆರ್, ಸಲ್ಫೇಟ್, ಸಾವಯವ ಅಂಶದ ಪರೀಕ್ಷೆ. ಯಾವುದನ್ನು ಎಷ್ಟು ಬೆರೆಸಬೇಕು ಎಂಬುದು ವರದಿ ಬಂದ ಮೇಲೆ. ಚೀಲಗಳ ಲೆಕ್ಕ ಊರವರ ಎದುರೇ ಆಗಬೇಕು ಎಂದೂ, ಕೆಲಸದವರಿಗೆ ಕನ್ನಡಕ, ಕೈಗವಸು ಎಂದೂ ಸೇರಿಸಿದ್ದೇನೆ. ಮಣ್ಣಿನ ಮಾದರಿ ಎಷ್ಟು ಆಳದಿಂದ ತೆಗೆಯಬೇಕು?

ಹಳೆಯ ಓವರ್ಸಿಯರ್

ಡಾಮರು, ಜಲ್ಲಿ ಬಿಟ್ಟು ಅಡಿಯ ಮಣ್ಣಿನಿಂದ ಅರ್ಧ ಮೀಟರ್. ಮೂರು ಕಡೆ ತೆಗೆಯಿರಿ: ಮುಖ್ಯರಸ್ತೆಯ ಹತ್ತಿರ, ನಡುವೆ, ಉಪ್ಪುನೀರು ಏರುವ ಕೊನೆಯಲ್ಲಿ. ಬೈಲಿನ ಜೇಡಿಯನ್ನು ಇನ್ನೂ ಕೆಳಗಿನಿಂದ ಬೇರೆಯಾಗಿ ತೆಗೆಯಿರಿ, ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಒಂದೊಂದಕ್ಕೂ 40 ಕೆ.ಜಿ. ಬೇಕಾದೀತು. ಚೀಟಿಯನ್ನು ಒಳಗೊಂದು, ಹೊರಗೊಂದು ಕಟ್ಟಿ.

ಕೊಳಕೆ ಗದ್ದೆ

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಹಾರೆ, ಪಿಕ್ಕಾಸು ಹಿಡಿದು ಬರುತ್ತೇನೆ. ಮೂಲ್ಕಿ ನನಗೆ ದೂರವೇನಲ್ಲ. ಚೀಲ ನೀವು ತನ್ನಿ.